ನಿಯೋಬಿಯಂ ಚಿಪ್ ರೆಸೊನೇಟರ್: ಕೆಲವು ವರ್ಷ ಕಾಂತಕ್ಷೇತ್ರದಲ್ಲಿ ದುಡಿಸಿದ ಮೇಲೆ

ಕೆಲವೇ ನಿರ್ದಿಷ್ಟ ಆವರ್ತನಗಳ ಮೈಕ್ರೋವೇವಿಗೆ ಅನುರಣಿಸುವ ಈ ಚಿಪ್ ಕೊಳ್ಳಲು ಹೊರಟವರು ಮಾರುವವರನ್ನು ಮೊದಲು ಕೇಳಬೇಕಾದದ್ದು ಒಂದೇ: ವಿವರಪಟ್ಟಿಯಲ್ಲಿರುವ ಕ್ಯೂ ಮೌಲ್ಯ (ಅನುರಣನದ ಹರಿತ; ಶಕ್ತಿ ಸೋರುವುದು ಕಡಿಮೆಯಾದಷ್ಟೂ ಇದು ಹೆಚ್ಚು) ಎಷ್ಟು ಕಾಂತಕ್ಷೇತ್ರದಲ್ಲಿ ಅಳೆದದ್ದು? ನಮಗೆ ಬಂದ ಪಟ್ಟಿಯಲ್ಲಿದ್ದ ದೊಡ್ಡ ಸಂಖ್ಯೆ ಕ್ಷೇತ್ರವೇ ಇಲ್ಲದಾಗ ಸಿಕ್ಕಿದ್ದು. ಪದಾರ್ಥಗಳ ಎಲೆಕ್ಟ್ರಾನ್ ಸ್ಪಿನ್ ಅನುರಣನವನ್ನು (ಇಎಸ್ಆರ್, ಅಂದರೆ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಮೈಕ್ರೋವೇವ್ ಹೀರುವುದನ್ನು) ನೋಡುವ ನಮ್ಮಂಥವರಿಗೆ ಆ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ನಾವು ಬಳಸುತ್ತಿರುವುದು ನೀಲಮಣಿ ಬಿಲ್ಲೆಯ ಮೇಲೆ ತೆಳುವಾಗಿ ಹರಡಿದ ನಿಯೋಬಿಯಂ ಪದರ, ಅದರಲ್ಲಿ ಕೊರೆದ ಅಂಕುಡೊಂಕಾದ ತರಂಗಮಾರ್ಗ. ಮೂಲ ಆವರ್ತನ ಸುಮಾರು 2 ಗಿಗಾಹರ್ಟ್ಸ್, ಅದರ ಮೇಲೆ 4, 6, 8 ಹೀಗೆ ಸಾಲು. ಸಾಮಾನ್ಯ ಇಎಸ್ಆರ್ ಯಂತ್ರದ ಲೋಹದ ಪೆಟ್ಟಿಗೆ 9.5 ಗಿಗಾಹರ್ಟ್ಸ್ ಆಸುಪಾಸಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಒಂದೇ ಚಿಪ್ಪಿನಲ್ಲಿ ಹಲವು ಆವರ್ತನಗಳು ಸಿಗುತ್ತವೆ. ಸ್ವತಂತ್ರ ಎಲೆಕ್ಟ್ರಾನಿನ ಲೆಕ್ಕದಲ್ಲಿ ಕ್ಷೇತ್ರದ ಒಂದು ಟೆಸ್ಲಾಕ್ಕೆ 28 ಗಿಗಾಹರ್ಟ್ಸ್ ಎಂದು ಹಿಡಿದರೆ, 2 ಗಿಗಾಹರ್ಟ್ಸಿನ ಗೆರೆ (ಹೀರಿಕೆಯ ಗುರುತು) 71 ಮಿಲಿಟೆಸ್ಲಾದಲ್ಲಿ, 6ರದ್ದು 214ರಲ್ಲಿ ಬರಬೇಕು. ಇಎಸ್ಆರ್ ಯಂತ್ರಗಳನ್ನು ಪರೀಕ್ಷಿಸಲು ಬಳಸುವ ಡಿಪಿಪಿಎಚ್ ಪುಡಿಯ ಒಂದು ಕಣವನ್ನಿಟ್ಟು ನೋಡಿದರೆ ಗೆರೆಗಳು ಹೇಳಿದಲ್ಲೇ ಬರುತ್ತವೆ. ಒಂದು ಮಾತು: ಎರಡೂ ತುದಿ ತೆರೆದಿರುವ ಈ ವಿನ್ಯಾಸದಲ್ಲಿ ಪುಟ್ಟ ಹರಳನ್ನು ಸರಿಯಾಗಿ ನಡುವೆ ಇಟ್ಟರೆ 4 ಗಿಗಾಹರ್ಟ್ಸಿಗೆ ಅದು ಕಾಣುವುದೇ ಇಲ್ಲ, ಏಕೆಂದರೆ ಆ ಜಾಗದಲ್ಲಿ ಆ ಅಲೆಯ ವಿದ್ಯುತ್ ಸೊನ್ನೆ. ಸ್ವಲ್ಪ ಸರಿಸಿ ಇಡಬೇಕು.

ಇನ್ನು ಅಸಲಿ ಕಷ್ಟ. ನಿಯೋಬಿಯಂ 9.2 ಕೆಲ್ವಿನ್ ಕೆಳಗೆ ಅತಿವಾಹಕ, ಅಂದರೆ ವಿದ್ಯುತ್ತಿಗೆ ರೋಧವೇ ಇಲ್ಲದ್ದು. ಕ್ಷೇತ್ರ ಪದರದ ಸಮತಲದಲ್ಲೇ ಮಲಗಿದ್ದರೆ ನೂರಾರು ಮಿಲಿಟೆಸ್ಲಾವನ್ನು ಸಹಿಸುತ್ತದೆ. ಲಂಬವಾಗಿ ಬಂದದ್ದನ್ನು ಮಾತ್ರ ತಾಳುವುದಿಲ್ಲ. 200 ಮಿಲಿಟೆಸ್ಲಾದಲ್ಲಿ ಒಂದೇ ಒಂದು ಡಿಗ್ರಿ ವಾಲಿದರೂ ಮೂರೂವರೆ ಮಿಲಿಟೆಸ್ಲಾ ಲಂಬವಾಗಿ ಬೀಳುತ್ತದೆ. ಪದರದೊಳಗೆ ಕಾಂತೀಯ ಸುಳಿಗಳು ನುಗ್ಗುತ್ತವೆ, ಮೈಕ್ರೋವೇವ್ ವಿದ್ಯುತ್ ಅವನ್ನು ಅಲುಗಿಸುತ್ತದೆ, ಆ ಅಲುಗಾಟದಲ್ಲಿ ಶಕ್ತಿ ಸೋರಿಹೋಗುತ್ತದೆ. ಆವರ್ತನವಾರು ಮೈಕ್ರೋವೇವ್ ಅಳೆಯುವ ನೆಟ್‌ವರ್ಕ್ ಅನಲೈಸರ್ ಪರದೆಯ ಮೇಲೆ ಸೂಜಿಯಂತಿದ್ದ ತಗ್ಗು ಕಣ್ಣೆದುರೇ ಅಗಲವಾಗುತ್ತಾ ಎಡಕ್ಕೆ ಜಾರುತ್ತದೆ. ಕ್ಷೇತ್ರವನ್ನು ಇಳಿಸಿದರೂ ಸುಳಿಗಳೆಲ್ಲ ಹೊರಡುವುದಿಲ್ಲ. ಏರುವಾಗಿನ ಆವರ್ತನ ಒಂದು, ಇಳಿಯುವಾಗಿನದು ಇನ್ನೊಂದು. ಅದಕ್ಕೇ ನಮ್ಮಲ್ಲಿ ಅಳತೆ ಯಾವಾಗಲೂ ಒಂದೇ ದಿಕ್ಕಿನಲ್ಲಿ. ಮತ್ತೆ ಶುರುಮಾಡಬೇಕಾದರೆ ಚಿಪ್ಪನ್ನು 10 ಕೆಲ್ವಿನ್ ದಾಟಿಸಿ, ಕ್ಷೇತ್ರ ಸೊನ್ನೆ ಮಾಡಿ, ನಿಧಾನವಾಗಿ ತಣಿಸಬೇಕು. ಆಯಸ್ಕಾಂತದಲ್ಲಿ ಉಳಿದಿರುವ ಅಲ್ಪಸ್ವಲ್ಪ ಕ್ಷೇತ್ರವೂ ತಣಿಯುವಾಗ ಸಿಕ್ಕಿಬೀಳುತ್ತದೆ ಎಂಬುದನ್ನು ಮರೆಯಬಾರದು. ಹೀಲಿಯಂ ಬೆಲೆ ಗೊತ್ತಿರುವವರಿಗೆ ಈ ಸೂತಕ ಕಳೆಯುವ ಕೆಲಸ ಎಷ್ಟು ದುಬಾರಿ ಎಂದು ಹೇಳಬೇಕಾಗಿಲ್ಲ. ಮಾದರಿಯನ್ನು ತಿರುಗಿಸುವ ಸಲಕರಣೆ ಇಲ್ಲದ ಕ್ರಯೋಸ್ಟಾಟ್ (ತಣಿಸುವ ಪಾತ್ರೆ) ಇದ್ದರೆ ಈ ಚಿಪ್ಪಿನ ಗೋಜಿಗೆ ಹೋಗಬೇಡಿ.

ನೀಲಮಣಿಯ ಬಗ್ಗೆಯೂ ಎಚ್ಚರ. ಅದರಲ್ಲಿ ಸುಳಿವು ಮಾತ್ರದಷ್ಟು ಕ್ರೋಮಿಯಂ, ಕಬ್ಬಿಣ ಇದ್ದರೂ ಅವುಗಳದೇ ಗೆರೆಗಳು ಮೂಡುತ್ತವೆ. ಆದ್ದರಿಂದ ಹರಳಿಲ್ಲದ ಬರಿ ಚಿಪ್ಪನ್ನು ಮೊದಲು ಅಳೆದಿಟ್ಟುಕೊಳ್ಳುವುದು ಕಡ್ಡಾಯ.

ಲೋಹದ ಮಾದರಿಗಳಿಗೆ ಇದು ಹೇಳಿ ಮಾಡಿಸಿದ್ದಲ್ಲ. ಅಂಥ ಮಾದರಿ ಇರುವವರು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು ಹೆವಿ ಫರ್ಮಿಯಾನ್ ಲೋಹಗಳಿಗೆ (ಎಲೆಕ್ಟ್ರಾನುಗಳು ತುಂಬಾ ಭಾರವಾದಂತೆ ವರ್ತಿಸುವ ಲೋಹಗಳಿಗೆ) ಬಳಸಿದ ಸೀಸದ ಸ್ಟ್ರಿಪ್‌ಲೈನ್ (ಎರಡು ಲೋಹದ ಗೋಡೆಗಳ ನಡುವಿನ ಪಟ್ಟಿ) ವಿಧಾನವನ್ನು ನೋಡಲಿ. ಅಲ್ಲಿ ಮಾದರಿಯೇ ರೆಸೊನೇಟರಿನ ಒಂದು ಗೋಡೆ. ಟೆಸ್ಲಾಗಟ್ಟಲೆ ಕ್ಷೇತ್ರ ಬೇಕಾದವರಿಗೂ ನಿಯೋಬಿಯಂ ಸಾಲದು. ಡೆಲ್ಫ್ಟ್‌ನ ತಂಡ 2016ರಲ್ಲಿ ನಿಯೋಬಿಯಂ ಟೈಟಾನಿಯಂ ನೈಟ್ರೈಡಿನ ಸಪೂರ ತಂತಿಯ ರೆಸೊನೇಟರನ್ನು ಸಮತಲದಲ್ಲಿ 6 ಟೆಸ್ಲಾದವರೆಗೂ ನಡೆಸಿ ತೋರಿಸಿತು. ತಂತಿ ಸಪೂರವಾದಷ್ಟೂ ಸುಳಿಗೆ ಕೂರಲು ಜಾಗವಿಲ್ಲ.

ಬಾಳಿಕೆಗೆ ಪೂರ್ಣ ಅಂಕ: ಮತ್ತೆ ಮತ್ತೆ ತಣಿಸಿ ಕಾಯಿಸಿದರೂ ಪದರ ಏಳಲಿಲ್ಲ, ಹರಳನ್ನು ಕೂರಿಸಿದ ಗ್ರೀಸನ್ನು ಒರೆಸಿದರೆ ಹೊಸದರಂತೆಯೇ. ಮಾರಿದವರ ಸೇವೆಗೆ ಆ ಮಾತು ಹೇಳಲಾರೆ. ಬದಲಿ ಚಿಪ್ಪಿನಲ್ಲಿ ಅಲ್ಯೂಮಿನಿಯಂ ಬೆಸುಗೆ ತಂತಿಗಳು ದಾರಿಯಲ್ಲೇ ಕಿತ್ತುಬಂದಿದ್ದವು. ಪತ್ರ ಬರೆದರೆ ಕಸ್ಟಮ್ಸ್‌ನವರ ಮೇಲೆ ಹಾಕಿ ಕೈತೊಳೆದುಕೊಂಡರು. ಕೊನೆಗೆ ಪಕ್ಕದ ವಿಭಾಗದ ಬಾಂಡಿಂಗ್ ಯಂತ್ರದಲ್ಲಿ ನಾವೇ ಹಾಕಿಕೊಂಡೆವು, ಅವರು ಹಾಕಿದ್ದಕ್ಕಿಂತ ಗಟ್ಟಿಯಾಗಿ.