ಕಡ್ಡಿ ಸೆಟ್ಟು ಕೊಂಡೆ, ಅರ್ಧಕ್ಕೆ ನಿಂತ ಹೆಣಿಗೆ ಜಾಸ್ತಿಯಾಯಿತು

ನಮ್ಮ ಮನೆಯಲ್ಲಿ ಉಲ್ಲನ್ ಕಡ್ಡಿ ಇದ್ದದ್ದು ಮೂರೇ ಜೊತೆ. 12ನೇ ನಂಬರು, 10ನೇ ನಂಬರು, 8ನೇ ನಂಬರು. ಮೂರೂ ಅಮ್ಮನವು. ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿಗಳು. ಸ್ವೆಟರಿನ ಅಂಚಿಗೆ 12, ಮೈಗೆ 10, ದಪ್ಪ ಉಲ್ಲನ್ನಿಗೆ 8. 10ನೇ ನಂಬರಿನ ಕಡ್ಡಿಗೆ ಒಂದು ಸ್ವೆಟರ್ ಏರಿತು ಅಂದರೆ ಅದು ಇಳಿಯುವ ತನಕ ಇನ್ನೊಂದು ಶುರು ಮಾಡುವ ಹಾಗಿರಲಿಲ್ಲ. ಬೇಜಾರಾದರೂ ಮುಗಿಸಲೇಬೇಕಿತ್ತು. ಮುಗಿಸುತ್ತಿದ್ದೆ.

ಕ್ರೋಶಾದ ಕಥೆ ಬೇರೆ. ಅಲ್ಲಿ ಜೀವ ಹಿಡಿದುಕೊಂಡಿರುವುದು ಒಂದೇ ಕುಣಿಕೆ. ಅದಕ್ಕೊಂದು ಪಿನ್ನು ಸಿಕ್ಕಿಸಿ ಡಬ್ಬಿಗೆ ಹಾಕಿದರೆ ಎರಡು ವರ್ಷ ಬಿಟ್ಟು ತೆಗೆದರೂ ಹಾಗೇ ಇರುತ್ತದೆ. ನಮ್ಮ ಬೀರುವಿನಲ್ಲಿ ಅರ್ಧ ತೋರಣ ಇದೆ, ಮುಕ್ಕಾಲು ಟೇಬಲ್ ಕ್ಲಾತ್ ಇದೆ, ಆರರಲ್ಲಿ ಎರಡೇ ಆಗಿರುವ ಲೋಟ ಮುಚ್ಚುವ ಮಣಿ ಬಟ್ಟೆ ಇದೆ. ಉಲ್ಲನ್ನಿನದು ಮಾತ್ರ ಅರ್ಧಕ್ಕೆ ನಿಂತದ್ದು ಒಂದೂ ಇರಲಿಲ್ಲ. ಈಗ ಇದೆ. ಹೋದ ವರ್ಷ ಯುಗಾದಿ ಹೊತ್ತಿಗೆ ಬಿಚ್ಚಿ ಜೋಡಿಸುವ ಕಡ್ಡಿ ಸೆಟ್ಟು ಕೊಂಡದ್ದರ ಫಲ ಅದು.

ಸೆಟ್ಟು ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೇಣಿಗಿಂತ ಗಿಡ್ಡ ಮರದ ಕಡ್ಡಿಗಳು ಎಂಟು ಜೊತೆ. ಸಪೂರದ್ದು 3.5 ಮಿಲಿಮೀಟರ್, ದಪ್ಪದ್ದು 8. ಕಡ್ಡಿಯ ಹಿಂಭಾಗದಲ್ಲಿ ತಿರುಪು. ಜೊತೆಗೆ ನಾಲ್ಕು ಪ್ಲಾಸ್ಟಿಕ್ ಕೇಬಲ್ಲು. ಬೇಕಾದ ಜೊತೆಯನ್ನು ಬೇಕಾದ ಕೇಬಲ್ಲಿನ ಎರಡೂ ತುದಿಗೆ ತಿರುಗಿಸಿ ಹಾಕಿದರೆ ಸುತ್ತು ಕಡ್ಡಿ ರೆಡಿ. ಬಿಗಿ ಮಾಡಲು ಒಂದು ಸಣ್ಣ ತಂತಿಯ ಕೀಲಿ. ಕಡ್ಡಿ ಕಳಚಿದಾಗ ಕೇಬಲ್ಲಿನ ತುದಿಗೆ ಹಾಕಲು ಬಿರಡೆಗಳು. ನಾನು ಆನ್‌ಲೈನಿನಲ್ಲಿ 3,950 ರೂಪಾಯಿ ಕೊಟ್ಟೆ. ನಮ್ಮವರಿಗೆ ಇನ್ನೂ 1,950 ಅಂತಲೇ ಗೊತ್ತು. ಕಂಪನಿಯ ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ದೂರು ಇದೆ. ಈ ತರದ ಸೆಟ್ಟು ಮಾಡುವವರು ಹಲವರಿದ್ದಾರೆ, ನಾನು ಹೇಳುವುದರಲ್ಲಿ ಬಹಳಷ್ಟು ಎಲ್ಲಕ್ಕೂ ಹೊಂದುತ್ತದೆ.

ಕೊಂಡದ್ದು ರೈಲಿನ ಸಲುವಾಗಿ. ದಿನಾ ಮಂಡ್ಯದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಲೇಡೀಸ್ ಬೋಗಿಯಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂರುತ್ತೇವೆ. 35 ಸೆಂಟಿಮೀಟರಿನ ಕಡ್ಡಿ ಹಿಡಿದು ಕೂತರೆ ಪಕ್ಕದವರ ಪಕ್ಕೆಗೆ ತಿವಿಯುವುದು ಗ್ಯಾರಂಟಿ. ಸಾಲದ್ದಕ್ಕೆ ಅಲ್ಯೂಮಿನಿಯಂ ಸದ್ದು. ಬೆಳಗಿನ ನಿದ್ದೆ ಮುಂದುವರಿಸಲು ಬಂದವರ ಕಿವಿಯಲ್ಲಿ ಟಿಕ್ ಟಿಕ್ ಅಂದರೆ ಯಾರು ಸಹಿಸುತ್ತಾರೆ? ಸೀರೆಗೆ ಕುಚ್ಚು ಹಾಕುವವರಿಗೆ ಈ ತೊಂದರೆ ಇಲ್ಲ. ಬೆರಳುದ್ದದ ಕ್ರೋಶಾ ಕಡ್ಡಿಯಲ್ಲಿ ಕೆಂಗೇರಿ ಬರುವಷ್ಟರಲ್ಲಿ ಅರ್ಧ ಸೆರಗು ಮುಗಿಸುವವರು ನಮ್ಮ ಬೋಗಿಯಲ್ಲಿ ಇದ್ದಾರೆ.

ಹೊಸ ಕಡ್ಡಿಗೆ ಸದ್ದೇ ಇಲ್ಲ. ತೆಳು ಮರದ ಪದರಗಳನ್ನು ಅಂಟಿಸಿ, ಬಣ್ಣ ಹಾಕಿ ಕಡೆದದ್ದು. ಬೆರಳಿಗೆ ಚನ್ನಪಟ್ಟಣದ ಗಿಲಕಿಯಷ್ಟೇ ನುಣುಪು. (ದಿನಾ ಎರಡು ಸಲ ಚನ್ನಪಟ್ಟಣ ಹಾದು ಹೋಗುತ್ತೇನೆ. ಹಾಲೆ ಮರಕ್ಕೆ ಅರಗಿನ ಬಣ್ಣ ಹಾಕಿ ಅಷ್ಟು ಚೆಂದ ಕಡೆಯುವ ಊರಿನಲ್ಲಿ ನನಗೊಂದು ಜೊತೆ ಉಲ್ಲನ್ ಕಡ್ಡಿ ಸಿಗಬಾರದೇ ಅನ್ನಿಸುತ್ತದೆ.) ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ನೇರ ಕಡ್ಡಿಯಲ್ಲಿ ಸ್ವೆಟರ್ ಬೆಳೆದ ಹಾಗೆ ಅದರ ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಇಲ್ಲಿ ಹೆಣೆದದ್ದು ಕೇಬಲ್ಲಿನ ಮೇಲೆ ಮಡಿಲಿಗೆ ಇಳಿಯುತ್ತದೆ. ರಾತ್ರಿ ಬಲಗೈ ಜೋಮು ಹಿಡಿಯುತ್ತಿದ್ದದ್ದು ಕಡಿಮೆಯಾಗಿದೆ. ನನ್ನ ಮಟ್ಟಿಗೆ ಇದೊಂದಕ್ಕೇ ದುಡ್ಡು ದಕ್ಕಿತು.

ಇನ್ನು ದೂರು. ಮೊದಲನೆಯದು ಅಳತೆ. ಅಮ್ಮನ 10ನೇ ನಂಬರು ಅಂದರೆ 3.25 ಮಿಲಿಮೀಟರ್, 12 ಅಂದರೆ 2.75. ನಮ್ಮಲ್ಲಿ ಜಾಸ್ತಿ ಸಿಗುವ ನಾಲ್ಕೆಳೆಯ ಬೇಬಿ ಉಲ್ಲನ್ನಿಗೆ ಬೇಕಾದದ್ದು ಇವೆರಡೇ. ಸೆಟ್ಟು ಶುರುವಾಗುವುದೇ 3.5ರಿಂದ! ತಂಗಿಯ ಮೊಮ್ಮಗುವಿಗೆ ಅಂತ ಇದರಲ್ಲಿ ಮೊದಲು ಹೆಣೆದ ಕುಲಾವಿ ಸಡಿಲವಾಗಿ ಕಣ್ಣಿನ ಮೇಲೆ ಇಳಿಯಿತು. ಕೊನೆಗೆ 3.25ರ ಜೊತೆಯನ್ನು ಬೇರೆಯಾಗಿ ತರಿಸಿದೆ. ಅದೇ ಸೆಟ್ಟಿನಲ್ಲಿ 7 ಮತ್ತು 8ರ ಕಡ್ಡಿಗಳು ಇವತ್ತಿಗೂ ಹೊಸದಾಗಿಯೇ ಇವೆ. ಅಷ್ಟು ದಪ್ಪದ ಸ್ವೆಟರ್ ಹಾಕುವಂಥ ಚಳಿ ಮಂಡ್ಯದಲ್ಲಿ ಎಲ್ಲಿದೆ?

ನಂಬರಿನ ಬಗ್ಗೆ ಇನ್ನೊಂದು ಮಾತು. ನಮ್ಮ ಕಡ್ಡಿಯ ನಂಬರು ಹಳೇ ಬ್ರಿಟಿಷ್ ಲೆಕ್ಕ. ನಂಬರು ಹೆಚ್ಚಾದಷ್ಟೂ ಕಡ್ಡಿ ಸಪೂರ. ಅಮೆರಿಕದವರದು ಉಲ್ಟಾ. ಅವರ 8 ಅಂದರೆ 5 ಮಿಲಿಮೀಟರ್, ನಮ್ಮ 8 ಅಂದರೆ 4. ವಿಡಿಯೋ ನೋಡಿ ಹೆಣೆಯುವವರು ನಂಬರು ಬಿಡಿ, ಮಿಲಿಮೀಟರ್ ನೋಡಿ. ಕೇಬಲ್ಲಿನ ಉದ್ದದಲ್ಲೂ ಮೋಸ ಹೋಗಬೇಡಿ. ನನ್ನ ಸೆಟ್ಟಿನಲ್ಲಿ 80 ಅಂತ ಬರೆದದ್ದು ಎರಡೂ ಕಡ್ಡಿ ಸೇರಿ. ಬರೀ ಕೇಬಲ್ಲು 56 ಸೆಂಟಿಮೀಟರ್. ಇದು ಗೊತ್ತಿಲ್ಲದೆ ಟೇಪು ಹಿಡಿದು ಅಳೆದು, ಕಂಪನಿಯವರಿಗೆ ಸಿಟ್ಟಿನಿಂದ ಮೆಸೇಜು ಮಾಡಿ, ಆಮೇಲೆ ಸಾರಿ ಕೇಳಿದೆ.

ಎರಡನೇ ದೂರಿನಲ್ಲಿ ಅರ್ಧ ತಪ್ಪು ನನ್ನದು. ನಮ್ಮವರಿಗೆ ಕಡು ನೀಲಿ ಸ್ವೆಟರ್ ಹಾಕಿದ್ದೆ. ಕತ್ತಿನಿಂದ ಕೆಳಕ್ಕೆ, ಸುತ್ತು ಹೆಣಿಗೆ. ಎರಡು ಸುತ್ತಿಗೊಮ್ಮೆ ಎಂಟು ಕುಣಿಕೆ ಹೆಚ್ಚಿಸುತ್ತಾ ಬಂದು ಇನ್ನೂರು ದಾಟಿತ್ತು. ಚನ್ನಪಟ್ಟಣ ಬಿಟ್ಟು ರಾಮನಗರ ಇನ್ನೂ ಬಂದಿರಲಿಲ್ಲ. ಎಡಗಡೆಯ ಕಡ್ಡಿ ಸುಮ್ನೆ ಕೈಗೇ ಬಂತು. ಹಿಂದೆ ನೋಡಿದರೆ ಕೇಬಲ್ಲು ಬೋಳು, ಕುಣಿಕೆಗಳು ಒಂದೊಂದೇ ಜಾರುತ್ತಿವೆ. ತಿರುಪನ್ನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೆ, ಕೀಲಿ ಹಾಕಿ ಬಿಗಿ ಮಾಡಿರಲಿಲ್ಲ. ಅಲುಗಾಡಬೇಡಿ ಅಂತ ಕಿರುಚಿದೆ. ಅಕ್ಕಪಕ್ಕದವರು ಹಾವು ಕಂಡವರ ಹಾಗೆ ಕಾಲು ಮೇಲಿಟ್ಟರು. ವಿಷಯ ಗೊತ್ತಾದ ಮೇಲೆ ಕಿಟಕಿ ಪಕ್ಕದ ಹೆಂಗಸು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೊಟ್ಟರು. ಎದುರಿನವರು ಎರಡು ಕೊಟ್ಟರು. ಒಬ್ಬರು ಸೆರಗಿನ ಪಿನ್ನನ್ನೇ ಬಿಚ್ಚಿದರು. ಹೀಗೆ ಏಳು ಪಿನ್ನಿನಲ್ಲಿ 43 ಕುಣಿಕೆ ಹಿಡಿದೆವು. ಮೂರು ಮಾತ್ರ ಕೆಳಗಿನ ಸಾಲಿಗೆ ಓಡಿಹೋಗಿದ್ದವು, ಅವನ್ನು ಮನೆಗೆ ಬಂದು ಕ್ರೋಶಾ ಕಡ್ಡಿಯಲ್ಲಿ ಎತ್ತಿದೆ. ಪಿನ್ನು ವಾಪಸ್ ಕೊಡುವಾಗ ಯಾರದು ಯಾವುದು ಅಂತ ಗೊತ್ತಾಗಲಿಲ್ಲ, ಒಂದು ಡಜನ್ ಹೊಸದು ತಂದು ಹಂಚಿದೆ. ಈಗ ಬೋಗಿಯಲ್ಲಿ ಎಲ್ಲರೂ ದಿನಾ ಕೇಳುತ್ತಾರೆ, ಕೀಲಿ ಹಾಕಿದ್ರಾ ಅಂತ.

ಆದರೆ ಎರಡು ತಿಂಗಳ ಮೇಲೆ ಆದದ್ದು ನನ್ನ ತಪ್ಪಲ್ಲ. 100ರ ಕೇಬಲ್ಲು ಲೋಹದ ಮೂತಿಯಿಂದಲೇ ಕಿತ್ತು ಬಂತು. ಫೋಟೋ ಕಳಿಸಿದೆ. ಮೂರು ವಾರ ಸತಾಯಿಸಿದರು, ಆದರೂ ಬೇರೆ ಕಳಿಸಿದರು. ಕೊಂಡವರು ಬಿಲ್ಲು ಎಸೆಯಬೇಡಿ. ಕೇಬಲ್ಲು ಡಬ್ಬಿಯಿಂದ ತೆಗೆದಾಗ ಸುರುಳಿ ಸುತ್ತಿಕೊಂಡು ಕಾಟ ಕೊಡುತ್ತದೆ. ಬಿಸಿ ನೀರಿನಲ್ಲಿ ಒಂದು ನಿಮಿಷ ಅದ್ದಿ ಎಳೆದರೆ ನೆಟ್ಟಗಾಗುತ್ತದೆ. ತೋಳು ಹೆಣೆಯುವಷ್ಟು ಸಣ್ಣ ಸುತ್ತು ಈ ಕಡ್ಡಿಗಳಲ್ಲಿ ನೇರವಾಗಿ ಬರುವುದಿಲ್ಲ. ಉದ್ದದ ಕೇಬಲ್ಲನ್ನು ನಡುವೆ ಎಳೆದುಕೊಂಡು ಅರ್ಧ ಅರ್ಧ ಹೆಣೆಯಬೇಕು. ಅಭ್ಯಾಸವಾಗುವ ತನಕ ರಗಳೆ.

ಹೊಸದಾಗಿ ಕಲಿಯುವವರು ಇದನ್ನು ಕೊಳ್ಳಬೇಕೇ? ಬೇಡ. 8ನೇ ನಂಬರಿನ ಅಲ್ಯೂಮಿನಿಯಂ ಜೊತೆ ತಗೊಳ್ಳಿ, ನೂರು ರೂಪಾಯಿಯ ಒಳಗೆ ಆಗುತ್ತದೆ, ಒಂದು ಮಫ್ಲರ್ ಮುಗಿಸಿ. ಸೀದಾ ಹೆಣಿಗೆ, ಉಲ್ಟಾ ಹೆಣಿಗೆ ಕೈಗೆ ಹತ್ತಿದ ಮೇಲೆ ನೋಡೋಣ. ಕ್ರೋಶಾ ಮಾತ್ರ ಮಾಡುವವರಿಗೆ ಇದು ಯಾವ ಕೆಲಸಕ್ಕೂ ಬಾರದು. ನನ್ನ ಹಾಗೆ ವರ್ಷಕ್ಕೆ ನಾಲ್ಕೈದು ಹೆಣೆಯುವವರು, ಕೈನೋವು ಇರುವವರು, ಬಸ್ಸು ರೈಲಿನಲ್ಲಿ ಹೆಣೆಯುವವರು ಧಾರಾಳವಾಗಿ ಕೊಳ್ಳಬಹುದು. ಒಂದೇ ಎಚ್ಚರಿಕೆ, ಬಿರಡೆಗಳದ್ದು.

ಬಿರಡೆಯಿಂದ ಉಪಕಾರವೂ ಇದೆ. ಕಡ್ಡಿ ಕಳಚಿ, ಎರಡೂ ತುದಿಗೆ ಬಿರಡೆ ಹಾಕಿ, ಅರ್ಧ ಸ್ವೆಟರನ್ನು ನಮ್ಮವರ ತಲೆಯ ಮೇಲಿಂದ ಹಾಕಿ ನೋಡಿದೆ. ಎದೆಗೆ ಬಿಗಿ ಅನ್ನಿಸಿತು. 10 ಸೆಂಟಿಮೀಟರಿಗೆ 22 ಕುಣಿಕೆ ಬರುತ್ತಿತ್ತು. ಲೆಕ್ಕ ಹಾಕಿ 228ಕ್ಕೆ ಏರಿಸಿದೆ. ಬಿಚ್ಚಿ ಮತ್ತೆ ಹೆಣೆಯುವುದು ತಪ್ಪಿತು. ಆದರೆ ಹಾಗೆ ಕಳಚಿದ ಕಡ್ಡಿ ಖಾಲಿ ಕಾಣಿಸಿತಲ್ಲ, ಅದೇ ಎಡವಟ್ಟು. ಅದೇ 4ರ ಕಡ್ಡಿಗೆ ಇನ್ನೊಂದು ಕೇಬಲ್ಲು ಹಾಕಿ ಸಾಸಿವೆ ಬಣ್ಣದ ಶಾಲು ಶುರು ಮಾಡಿದೆ. ಅದು ಒಂದು ಮೊಳ ಆಗುವಷ್ಟರಲ್ಲಿ ದಸರಾ ಬಂತು, ಅದಕ್ಕೂ ಬಿರಡೆ. ಆಮೇಲೆ ಮಗಳಿಗೆ ತೋಳಿಲ್ಲದ ಕೋಟು. ಆಮೇಲೆ ಸಡಿಲವಾಗದ ಕುಲಾವಿ.

ಇವತ್ತಿನ ಲೆಕ್ಕ ಹೀಗಿದೆ. ನೀಲಿ ಸ್ವೆಟರಿಗೆ ಒಂದು ತೋಳು ಬಾಕಿ. ಶಾಲು ದಸರಾದಲ್ಲಿ ಎಲ್ಲಿತ್ತೋ ಅಲ್ಲೇ. ಕೋಟಿನ ಬೆನ್ನಾಗಿದೆ, ಎದೆ ಆಗಿಲ್ಲ. ಕುಲಾವಿ ಮುಗಿಯಿತು, ಅಷ್ಟರಲ್ಲಿ ಮಗುವಿನ ತಲೆ ಬೆಳೆದು ಮೊದಲಿನ ಸಡಿಲ ಕುಲಾವಿಯೇ ಸರಿಯಾಗಿ ಕೂತಿದೆ. ಕುಲಾವಿ ಇಳಿದ ಕೇಬಲ್ಲಿಗೆ ನಿನ್ನೆ ರಾತ್ರಿ ಕಾಲುಚೀಲ ಏರಿಸಿದೆ. ನಾಲ್ಕೂ ಕೇಬಲ್ಲು ಭರ್ತಿ. ಇವತ್ತು ಬೆಳಿಗ್ಗೆ ರೈಲಿನಲ್ಲಿ ಕೂತು ಬಿಡಿ ಕೇಬಲ್ಲು ಎರಡು ಆರ್ಡರ್ ಮಾಡಿದೆ.