ಮೆಟ್ಟಿಲಿಳಿಯುವಾಗ ಬಂದ ನೋವು: ಮನೆ ವರ್ಕೌಟ್ ಶುರು ಮಾಡುವವರು ದಯವಿಟ್ಟು ಓದಿ

ಮೊಬೈಲ್ ಮುಂದೆ ನಿಂತು 60 ದಿನದ, 90 ದಿನದ ವರ್ಕೌಟ್ ಪ್ರೋಗ್ರಾಂ ಮಾಡಬೇಕು ಅಂತ ದುಡ್ಡು ಕಟ್ಟಲು ಹೊರಟಿದ್ದೀರಾ? ಕಟ್ಟುವ ಮೊದಲು ಇದನ್ನು ಓದಿ. ಅದರಲ್ಲೂ ನಲವತ್ತು ದಾಟಿದವರು, ದಿನವಿಡೀ ನಿಂತು ಕೆಲಸ ಮಾಡುವವರು, ತೂಕ ಜಾಸ್ತಿ ಇರುವವರು ಓದಲೇಬೇಕು. ನಾನು ಆ ಮೂರೂ ಗುಂಪಿಗೆ ಸೇರಿದವಳು. ಧಾರವಾಡದಲ್ಲಿ ಹೈಸ್ಕೂಲ್ ಶಿಕ್ಷಕಿ, ವಯಸ್ಸು 43. ಹೋದ ನವೆಂಬರ್‌ನಲ್ಲಿ ಶುರು ಮಾಡಿದಾಗ ನನ್ನ ತೂಕ 74 ಕೆಜಿ.

ಎಲ್ಲಕ್ಕೂ ಮೊದಲು ಬಂದದ್ದು ಒಂದು ರಕ್ತ ಪರೀಕ್ಷೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.2 ಇತ್ತು. 5.7ರಿಂದ 6.4ರ ಒಳಗಿದ್ದರೆ ಶುಗರ್ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ದಿನಾ ನಡೆಯಿರಿ, ತೂಕ ಸ್ವಲ್ಪ ಇಳಿಸಿ ಅಂತ ಡಾಕ್ಟರ್ ಸಮಾಧಾನವಾಗಿಯೇ ಹೇಳಿದರು. ಆದರೆ ಶುಗರ್‌ನಿಂದ ನಮ್ಮ ಅವ್ವನ ಕಾಲಿನ ಬೆರಳು ತೆಗೆದದ್ದನ್ನು ಕಣ್ಣಾರೆ ನೋಡಿದವಳು ನಾನು. ಬರೀ ನಡೆದರೆ ಸಾಲದು ಅನಿಸಿತು. ಆ ಹೆದರಿಕೆಯಲ್ಲಿದ್ದಾಗಲೇ ಮೊಬೈಲ್‌ನಲ್ಲಿ ಆ ಜಾಹೀರಾತು ಕಂಡಿತು. 60 ದಿನ, ವಾರಕ್ಕೆ ಆರು ದಿನ, ದಿನಕ್ಕೆ 45 ನಿಮಿಷ. ಫೀಸು 4,500 ರೂಪಾಯಿ. ಅವತ್ತೇ ರಾತ್ರಿ ಕಟ್ಟಿಬಿಟ್ಟೆ.

ಸೇರುವಾಗ ತುಂಬಿಸಿದ ಫಾರ್ಮ್‌ನಲ್ಲಿ ಎತ್ತರ, ತೂಕ, ಸೊಂಟದ ಸುತ್ತಳತೆ ಕೇಳಿದ್ದರು. ಮೊಣಕಾಲಿನ ಬಗ್ಗೆ ಒಂದೇ ಒಂದು ಪ್ರಶ್ನೆ ಇರಲಿಲ್ಲ. ಹಿಂದೆ ಎಲ್ಲಾದರೂ ಬಿದ್ದಿದ್ದೀರಾ, ಮೆಟ್ಟಿಲು ಹತ್ತಿ ಇಳಿಯುವಾಗ ನೋವಿದೆಯಾ, ಯಾವ ಗುಳಿಗೆ ತಗೊಳ್ತೀರಿ, ಯಾವುದೂ ಇಲ್ಲ. ಹತ್ತು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದು ನನ್ನ ಎಡ ಮೊಣಕಾಲಿಗೆ ಪೆಟ್ಟಾಗಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಕೀಲುಗಳ ಬಗ್ಗೆ ಕೇಳದೆ ನಿಮ್ಮನ್ನು ನೆಗೆಸುವವರು ಯಾರೇ ಇರಲಿ, ಅವರ ಹತ್ತಿರ ಹೋಗಬೇಡಿ.

ಮೊದಲ ದಿನದಿಂದಲೇ ಜಂಪ್ ಸ್ಕ್ವಾಟ್, ಜಂಪ್ ಲಂಜ್, ಬರ್ಪಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಸ್ಕಿ ಹೊಡೆದು ಅಲ್ಲಿಂದಲೇ ಮೇಲಕ್ಕೆ ನೆಗೆಯುವುದು, ಒಂದು ಕಾಲು ಮುಂದಿಟ್ಟು ಕುಸಿದು ಗಾಳಿಯಲ್ಲೇ ಕಾಲು ಬದಲಿಸುವುದು, ಕುಕ್ಕರಿಸಿ ಕೈ ನೆಲಕ್ಕೂರಿ ಎರಡೂ ಕಾಲು ಹಿಂದಕ್ಕೆ ಚಾಚಿ, ಮತ್ತೆ ಒಳಗೆಳೆದು ಎದ್ದು ನೆಗೆಯುವುದು. ಎರಡನೇ ವಾರದಲ್ಲಿ ಒಂದು ದಿನ ಎಣಿಸಿ ನೋಡಿದೆ. 45 ನಿಮಿಷದಲ್ಲಿ 160 ಸಲ ನೆಗೆದಿದ್ದೆ. ನಮ್ಮ ಹಾಲ್‌ನಲ್ಲಿ ಹಾಸಿರುವುದು ಶಹಾಬಾದ್ ಫರಸಿ. ಅದರ ಮೇಲೆ ತೆಳ್ಳಗಿನ ಯೋಗಾ ಮ್ಯಾಟ್, ಮೇಲೆ ನಾನು ಬರಿಗಾಲಲ್ಲಿ.

ಒಂಬತ್ತನೇ ದಿನ ಶಾಲೆಯಲ್ಲಿ ಮೇಲಿನ ಮಹಡಿಯ ಕ್ಲಾಸ್ ಮುಗಿಸಿ ಕೆಳಗೆ ಇಳಿಯುತ್ತಿದ್ದೆ. ಎಡಗಾಲಿನ ಚಿಪ್ಪಿನ ಹಿಂದೆ ಚಳಕ್ ಅಂತ ಒಂದು ನೋವು. ಹತ್ತುವಾಗ ಇಷ್ಟಿರಲಿಲ್ಲ, ಇಳಿಯುವಾಗ ಮಾತ್ರ. ಅವತ್ತು ಸಂಜೆ ಕುರ್ಚಿಯಲ್ಲಿ ಕೂತು ಒಂದು ತಾಸು ಪೇಪರ್ ತಿದ್ದಿ ಎದ್ದಾಗ ಮೊಣಕಾಲು ಬಿಗಿದುಕೊಂಡಿತ್ತು. ಇದೇ ನೋಡಿ ಮೊದಲ ಸೂಚನೆ. ನಾನು ಇದನ್ನು ಮೈಕೈ ನೋವು ಅಂದುಕೊಂಡೆ.

ಎರಡೂ ಬೇರೆ ಬೇರೆ, ಇದನ್ನು ಬಿಡಿಸಿ ಹೇಳಬೇಕು. ಹೊಸ ವ್ಯಾಯಾಮದ ಮೈಕೈ ನೋವು ಬರುವುದು ಮಾಂಸಖಂಡದಲ್ಲಿ. ತೊಡೆ, ಮೀನಖಂಡ, ಎರಡೂ ಕಾಲಿಗೆ ಹೆಚ್ಚುಕಡಿಮೆ ಒಂದೇ ಥರ. ಮರುದಿನ, ಅದರ ಮರುದಿನ ಜೋರಾಗಿದ್ದು ಆಮೇಲೆ ತಾನಾಗಿ ಇಳಿಯುತ್ತದೆ. ಕೀಲಿನ ನೋವು ಒಂದು ಜಾಗ ಹಿಡಿದು ಕೂರುತ್ತದೆ. ಬೆರಳಿಟ್ಟು ಇಲ್ಲೇ ಅಂತ ತೋರಿಸಬಹುದು, ಇಲ್ಲವೇ ಚಿಪ್ಪಿನ ಸುತ್ತ, ಹಿಂದೆ ಅಂತ ಹೇಳಬಹುದು. ಇಳಿಯುವಾಗ, ಕುಕ್ಕರುಗಾಲಲ್ಲಿ ಕೂತಾಗ, ಬಹಳ ಹೊತ್ತು ಕೂತು ಎದ್ದಾಗ ಹೆಚ್ಚಾಗುತ್ತದೆ. ಮತ್ತೆ ಅದೇ ವ್ಯಾಯಾಮ ಮಾಡಿದರೆ ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಕಲಿಸುವವರು ಉತ್ತರ ಹಾಕಿದರು: 'ಹೊಸದರಲ್ಲಿ ಎಲ್ಲರಿಗೂ ಹಾಗೇ ಮೇಡಂ. ನೋವು ಬಂದ್ರೆ ಕೆಲಸ ಆಗ್ತಿದೆ ಅಂತ ಅರ್ಥ. ನಿಲ್ಲಿಸಬೇಡಿ.' ಆ ಗ್ರೂಪಿನಲ್ಲಿ ದಿನಾ ಬೆವರಿದ ಫೋಟೋ ಹಾಕಬೇಕಿತ್ತು. ತಪ್ಪಿಸಿದವರ ಹೆಸರಿನ ಮುಂದೆ ಕೆಂಪು ಗುರುತು. ಅಷ್ಟು ಜನರ ಮುಂದೆ ಆ ಗುರುತು ಬೇಡ ಅಂತ ನಾನು ಮುಂದುವರಿಸಿದೆ. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದೆ. ಒಂದು ಎಲಾಸ್ಟಿಕ್ ನೀ ಕ್ಯಾಪ್ ತಂದೆ. ಗುಳಿಗೆ ನುಂಗಿ, ನೀ ಕ್ಯಾಪ್ ಏರಿಸಿಕೊಂಡು ನೆಗೆದೆ. ಈ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಗುಳಿಗೆ ನೋವನ್ನು ಮುಚ್ಚುತ್ತದೆ, ಒಳಗಿನ ಪೆಟ್ಟನ್ನು ತಡೆಯುವುದಿಲ್ಲ. ಡೈಕ್ಲೋಫಿನಾಕ್ ಥರದ ಗುಳಿಗೆಗಳನ್ನು ಡಾಕ್ಟರಿಗೆ ಕೇಳದೆ ವಾರಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು. ಬಿಪಿ ಇರುವವರು ಇನ್ನೂ ಹುಷಾರಾಗಿರಬೇಕು.

ನಮ್ಮ ಅತ್ತೆಯವರು ದಿನಾ ನೋಡುತ್ತಿದ್ದರು. 'ಯಾಕವಾ, ಕಾಲ ಎಳದ ಎಳದ ಇಡಾಕತ್ತೀಯಲ್ಲ? ಇವತ್ತೊಂದಿನಾ ಬಿಡ' ಅಂದರು. ಬಿಡಲಿಲ್ಲ.

23ನೇ ದಿನ ಜಂಪ್ ಲಂಜ್ ಮಾಡುವಾಗ ಎಡಗಾಲು ಊರಿದ್ದೇ ಮೊಣಕಾಲು ಒಳಕ್ಕೆ ವಾಲಿತು. ಕುಸಿದು ಕೂತೆ. ಎರಡು ತಾಸಿನಲ್ಲಿ ಚಿಪ್ಪಿನ ಮೇಲೆಲ್ಲಾ ಬಾವು ಬಂತು. ರಾತ್ರಿ ಬಾತ್‌ರೂಮಿಗೆ ಹೋಗಲು ನಮ್ಮ ಮನೆಯವರ ಹೆಗಲು ಹಿಡಿಯಬೇಕಾಯಿತು. ಗ್ರೂಪಿನಲ್ಲಿ ತಿಳಿಸಿದೆ. ಅರ್ಧಕ್ಕೆ ಬಿಟ್ಟವರಿಗೆ ಹಣ ವಾಪಸ್ ಇಲ್ಲ ಅಂತ ಬರೆದು, ಎರಡು ದಿನದ ನಂತರ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು. ಹೇಗಿದ್ದೀರಿ ಅಂತ ಕೂಡ ಕೇಳಲಿಲ್ಲ.

ಇದಾದ ಮೇಲೆ ನಾನು ಮಾಡಿದ್ದು ಇನ್ನೊಂದು ತಪ್ಪು. ಡಾಕ್ಟರ್ ಹತ್ತಿರ ಹೋಗದೆ ಮೂರು ವಾರ ಕಾಲು ಅಲ್ಲಾಡಿಸದೆ ಇದ್ದೆ. ಶಾಲೆಗೆ ರಜೆ, ಮನೆಯಲ್ಲಿ ಹಾಸಿಗೆ. ಅತ್ತೆಯವರು ಪ್ರೀತಿಯಿಂದ ಔಡಲ ಎಣ್ಣೆ ಹಚ್ಚಿ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು. ಬೆಚ್ಚಗೆ ಹಾಯೆನಿಸಿತು, ಬಾವೂ ಇಳಿಯಿತು. ಆದರೆ ಎದ್ದು ನಡೆದರೆ ಮತ್ತೆ ಅದೇ ಚಳಕು. ಎಡ ತೊಡೆ ಬಲ ತೊಡೆಗಿಂತ ಸಣ್ಣದಾಗಿ ಕಾಣುತ್ತಿತ್ತು.

ಎಳ್ಳು ಅಮಾವಾಸ್ಯೆಗೆ ಗದಗ ಹತ್ತಿರದ ತವರಿಗೆ ಹೋಗಿದ್ದೆವು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಉಣ್ಣುತ್ತಿದ್ದರು. ನನಗೆ ಮಾತ್ರ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು. 78 ವರ್ಷದ ನಮ್ಮ ಅಪ್ಪ ನೆಲದ ಮೇಲೆ, ನಾನು ಅವರ ಪಕ್ಕ ಕುರ್ಚಿಯಲ್ಲಿ. ನನಗೆ ಅಳು ಬಂದಿತು.

ಊಟವಾದ ಮೇಲೆ ಅಪ್ಪ ಎಲ್ಲ ಕೇಳಿದರು. ಅವರು ಹರೆಯದಲ್ಲಿ ಗರಡಿ ಮನೆಗೆ ಹೋದವರು. ಅಲ್ಲಿ ವಸ್ತಾದರು ಹೊಸ ಹುಡುಗನಿಗೆ ಮೊದಲ ದಿನ ಹತ್ತೇ ಬಸ್ಕಿ ಹೊಡೆಸುತ್ತಿದ್ದರಂತೆ. ಹತ್ತು ಸರಿಯಾಗಿ ಬಂದರೆ ನಾಳೆ ಹನ್ನೆರಡು. ನೆಲ ಅಂದರೆ ಅಗೆದು ಹದ ಮಾಡಿ, ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿದ ಕೆಂಪು ಮಣ್ಣು. 'ನೀ ಫರಸಿ ಮ್ಯಾಲೆ ಜಿಗದೀಯವಾ' ಅಂದರು ಅಪ್ಪ. ಬೈಯಲಿಲ್ಲ. ಅಷ್ಟೇ ಹೇಳಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು.

ಜನವರಿಯಲ್ಲಿ ಕೊನೆಗೂ ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ಸರಿ ಇತ್ತು. ಕಾಲನ್ನು ಹಿಡಿದು, ತಿರುಗಿಸಿ, ಎಳೆದು ನೋಡಿ, ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿಲ್ಲ ಅಂದರು. ತೊಂದರೆ ಇದ್ದದ್ದು ಚಿಪ್ಪು ಮತ್ತು ತೊಡೆಯ ಎಲುಬು ಒಂದರ ಮೇಲೊಂದು ಜಾರುವ ಜಾಗದಲ್ಲಿ. ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿ ಅಂದರು. ಅಲ್ಲಿಂದ ನನಗೆ ಬೆಳಕು ಕಂಡಿತು.

ಫಿಸಿಯೋಥೆರಪಿ ಮಾಡುವ ಹುಡುಗಿ ನನ್ನನ್ನು ಕನ್ನಡಿ ಮುಂದೆ ಒಂದು ಸಣ್ಣ ಮಣೆಯ ಮೇಲೆ ನಿಲ್ಲಿಸಿ, ಒಂದೇ ಕಾಲಿನ ಮೇಲೆ ನಿಧಾನಕ್ಕೆ ಕೆಳಗಿಳಿಯಿರಿ ಅಂದಳು. ಇಳಿಯುವಾಗ ನನ್ನ ಎಡ ಮೊಣಕಾಲು ಹೆಬ್ಬೆರಳ ಕಡೆ ಒಳಕ್ಕೆ ಬೀಳುತ್ತಿತ್ತು. 'ಅಕ್ಕಾರ, ತೊಡಿ ಸೋತೈತಿ, ಚಪ್ಪಿ ಸೋತೈತಿ. ಅದಕ್ಕ ಮೊಣಕಾಲ ಅಳಾಕತ್ತೈತಿ' ಅಂದಳು. ತೊಡೆಯ ಮುಂಭಾಗದ ಮತ್ತು ಸೊಂಟದ ಪಕ್ಕದ ಮಾಂಸಖಂಡಗಳಿಗೆ ಬಲ ಇಲ್ಲದಿದ್ದರೆ ಮೊಣಕಾಲು ನೆಟ್ಟಗೆ ನಿಲ್ಲುವುದಿಲ್ಲ. ಎಲ್ಲ ಭಾರ ಚಿಪ್ಪಿನ ಒಂದು ಬದಿಗೇ ಬೀಳುತ್ತದೆ.

ಅವಳೇ ಒಂದು ಲೆಕ್ಕವನ್ನೂ ಹೇಳಿದಳು. ಸಮ ನೆಲದಲ್ಲಿ ನಡೆದರೆ ಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈತೂಕದ ಸುಮಾರು ಅರ್ಧದಷ್ಟು. ಮೆಟ್ಟಿಲಿನಲ್ಲಿ ಸುಮಾರು ಮೂರು ಪಟ್ಟು. ಪೂರ್ತಿ ಕೆಳಗೆ ಕೂತು ಏಳುವಾಗ ಸುಮಾರು ಏಳು ಪಟ್ಟು. ನನ್ನ 74 ಕೆಜಿಗೆ ಅದು 500 ಕೆಜಿ ದಾಟುತ್ತದೆ. ಅದರ ಮೇಲೆ ನೆಗೆತ ಬೇರೆ. ಆರೋಗ್ಯವಾದ ಮೊಣಕಾಲು ಇದನ್ನು ತಡೆಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಅಭ್ಯಾಸವಾಗಿದ್ದರೆ ಮಾತ್ರ. ಹದಿನೈದು ವರ್ಷ ಓಡದೇ ನೆಗೆಯದೇ ಇದ್ದವಳು ಒಂದೇ ದಿನ ಶುರು ಮಾಡಿದರೆ ತಡೆಯುವುದಿಲ್ಲ.

ಆಮೇಲೆ ನಾನು ಓದಿ ತಿಳಿದುಕೊಂಡ ಎರಡು ಸಂಗತಿ ಹೇಳಲೇಬೇಕು. ಈ ಪ್ರೋಗ್ರಾಂಗಳಲ್ಲಿ 'ತಬಾಟಾ' ಅಂತ ಬರುತ್ತದಲ್ಲ, 20 ಸೆಕೆಂಡ್ ಜೋರು, 10 ಸೆಕೆಂಡ್ ವಿಶ್ರಾಂತಿ? ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಅದು ಹೆಸರಾಯಿತು. ಅಲ್ಲಿ ವ್ಯಾಯಾಮ ಮಾಡಿದವರು ಮೊದಲೇ ಪಳಗಿದ ಯುವಕರು. ಮಾಡಿದ್ದು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ, ನೆಗೆತವೇ ಇರಲಿಲ್ಲ. ಬರ್ಪಿಯೂ ಹಾಗೇ. 1930ರ ದಶಕದಲ್ಲಿ ಅಮೆರಿಕದ ರಾಯಲ್ ಬರ್ಪಿ ಅದನ್ನು ಮಾಡಿದ್ದು ದೇಹ ಎಷ್ಟು ಗಟ್ಟಿ ಇದೆ ಅಂತ ಪರೀಕ್ಷೆ ಮಾಡಲು. ನಾಲ್ಕು ಸಲ ಮಾಡಿಸಿ ಎದೆ ಬಡಿತ ನೋಡುತ್ತಿದ್ದರು. ಕೊನೆಯ ನೆಗೆತವೂ ಅದರಲ್ಲಿರಲಿಲ್ಲ. ನಮಗೆ ದಿನಕ್ಕೆ 50 ಬರ್ಪಿ ಮಾಡಿಸುತ್ತಿದ್ದರು.

ನನಗೆ ಕೊಟ್ಟ ವ್ಯಾಯಾಮ ನೋಡಿದರೆ ಇದೇನು ಅನಿಸಬಹುದು, ಅಷ್ಟು ಸಣ್ಣವು. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ಹಿಡಿಯುವುದು. ಅಂಗಾತ ಮಲಗಿ ನೆಟ್ಟಗಿನ ಕಾಲನ್ನು ಎತ್ತಿ ಇಳಿಸುವುದು. ಮೊಣಕಾಲು ಮಡಚಿ ಮಲಗಿ ಸೊಂಟ ಎತ್ತುವುದು. ಬದಿಗೆ ಮಲಗಿ ಪಾದಗಳನ್ನು ಕೂಡಿಸಿಟ್ಟು ಮೇಲಿನ ಮೊಣಕಾಲನ್ನಷ್ಟೇ ತೆರೆಯುವುದು. ನಾಲ್ಕು ವಾರ ಇಷ್ಟೇ. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಆಮೇಲೆ ಒಂದು ಗೇಣಿಗಿಂತ ಕಡಿಮೆ ಎತ್ತರದ ಮಣೆ ಹತ್ತಿ ಇಳಿಯುವುದು. ಅವಳು ಒಂದು ನಿಯಮ ಹೇಳಿಕೊಟ್ಟಳು, ನನ್ನನ್ನು ಕಾಪಾಡಿದ್ದು ಅದೇ. ನೋವಿಗೆ ಹತ್ತಕ್ಕೆ ಎಷ್ಟು ಅಂತ ಅಂಕ ಕೊಡಿ. ಮೂರರವರೆಗೆ ಇದ್ದರೆ ಮುಂದುವರಿಸಿ. ಮೂರು ದಾಟಿದರೆ, ಇಲ್ಲವೇ ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ, ನಿನ್ನೆ ಮಾಡಿದ್ದು ಜಾಸ್ತಿಯಾಯಿತು, ಕಡಿಮೆ ಮಾಡಿ. ಸುಮ್ನೆ ಮಲಗುವುದೂ ಅಲ್ಲ, ಹಲ್ಲು ಕಚ್ಚಿ ಮಾಡುವುದೂ ಅಲ್ಲ.

ಈಗಾಗಲೇ ನೋವು ಬಂದಿದ್ದರೆ ನೆಗೆತ ಇವತ್ತೇ ನಿಲ್ಲಿಸಿ. ಬಾವು ಬಂದಿದ್ದರೆ, ಮೊಣಕಾಲು ಮಡಚಿದ್ದು ಬಿಚ್ಚಲಾಗದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕೈಕೊಟ್ಟಂತೆ ಕುಸಿದರೆ, ಕಾಲೂರಲು ಆಗದಿದ್ದರೆ, ನನ್ನ ಥರ ಎಕ್ಕದ ಎಲೆ ಕಟ್ಟಿಕೊಂಡು ವಾರಗಟ್ಟಲೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಕೀಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದಿದ್ದರೆ ಅವತ್ತೇ ಹೋಗಿ. ನೋವಿಲ್ಲದೆ ಬರೀ ಕಟಕಟ ಸಪ್ಪಳ ಬಂದರೆ ಅಷ್ಟು ಹೆದರಬೇಕಿಲ್ಲ, ಅದು ಬಹಳ ಜನರಲ್ಲಿ ಇರುತ್ತದೆ.

ಶುಗರ್‌ಗೆ ಹೆದರಿ ಸೇರುವವರಿಗೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಜೊತೆಗೆ ಎರಡು ದಿನ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ. ಚುರುಕಾಗಿ ನಡೆಯುವುದೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ. ಅದಕ್ಕೆ ಯಾರಿಗೂ ಫೀಸು ಕಟ್ಟಬೇಕಿಲ್ಲ. ನಾನೀಗ ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ಬೂಟು ಹಾಕಿಕೊಂಡು ನಡೆಯುತ್ತೇನೆ. ತೂಕ 69ಕ್ಕೆ ಬಂದಿದೆ. ಜುಲೈನಲ್ಲಿ ಎಚ್‌ಬಿಎ1ಸಿ 5.8 ಇತ್ತು.

ಹೋದ ವಾರ ನಮ್ಮ ಶಾಲೆಯ ಹೊಸ ಟೀಚರ್ ಒಬ್ಬರು ಅದೇ ಥರದ ಇನ್ನೊಂದು ಪ್ರೋಗ್ರಾಂ ತೋರಿಸಿ, ಸೇರಲಾ ಅಕ್ಕಾ ಅಂತ ಕೇಳಿದರು. ನಾನು ಅವರನ್ನು ಕರೆದುಕೊಂಡು ಮೇಲಿನ ಮಹಡಿಗೆ ಹೋದೆ. ನಿಧಾನಕ್ಕೆ ಇಳಿಯಿರಿ, ಗೋಡೆ ಹಿಡಿಯಬೇಡಿ ಅಂದೆ. ಐದನೇ ಮೆಟ್ಟಿಲಿಗೆ ಅವರ ಕೈ ತಾನಾಗಿ ಗೋಡೆಗೆ ಹೋಯಿತು. ಇವತ್ತು ಸಂಜೆ ಅವರು ಟವೆಲ್ ವ್ಯಾಯಾಮ ಕಲಿಯಲು ನಮ್ಮ ಮನೆಗೆ ಬರುತ್ತಿದ್ದಾರೆ.