ತಾರಿಹಾಳದ ಬೋರ್ಡಿಲ್ಲದ ಶೆಡ್ಡು: ಅಂಟು ಎಲ್ಲಿ ಬಿಡುತ್ತದೆಂದು ಮೊದಲೇ ಹೇಳುವ ಮಾಸ್ತರು

ನನ್ನ ಹತ್ತಿರ ಎರಡು ಫ್ರೀಜರ್ ಗಾಡಿಗಳಿವೆ. ಹುಬ್ಬಳ್ಳಿಯಿಂದ ಗದಗ, ಹಾವೇರಿ, ರಾಣೆಬೆನ್ನೂರಿಗೆ ಐಸ್‌ಕ್ರೀಮ್ ಮುಟ್ಟಿಸುತ್ತೇನೆ. ಹಳೆಯ ಗಾಡಿಯ ಡಬ್ಬಿ ಹದಿನಾಲ್ಕು ಅಡಿಯದು. ಒಳಗೂ ಹೊರಗೂ ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಶೀಟು, ನಡುವೆ ನಾಲ್ಕಿಂಚು ಪಫ್, ಅಂದರೆ ತಂಪು ಕಾಯುವ ಗಟ್ಟಿ ಪಾಲಿಯುರೆಥೇನ್ ನೊರೆ. ಇಂಥ ಸ್ಯಾಂಡ್‌ವಿಚ್ ಪ್ಯಾನೆಲ್ ಡಬ್ಬಿಗೆ ವೆಲ್ಡಿಂಗ್ ಇರುವುದಿಲ್ಲ, ಮೂಲೆಗಳೆಲ್ಲ ನಿಂತಿರುವುದು ಅಂಟಿನ ಮೇಲೆ. ಹೋದ ಮಳೆಗಾಲದಲ್ಲಿ ಚಾವಣಿ ಮತ್ತು ಎಡಗೋಡೆ ಕೂಡುವಲ್ಲಿ ಒಳಗೆ ಹಿಮ ಕಟ್ಟಿತು. ಕಂಪ್ರೆಸರ್ ನಿಲ್ಲುವುದನ್ನೇ ಮರೆತಿತ್ತು. ಬೇರೊಂದು ಕಡೆ ಸಿಲಿಕಾನ್ ತುಂಬಿ, ರಿವೆಟ್ ಹೊಡೆದು ಕಳಿಸಿದರು. ನಾಲ್ಕೇ ತಿಂಗಳಿಗೆ ಮೂಲೆ ಮತ್ತೆ ಬಾಯಿಬಿಟ್ಟಿತು. ಈ ಸಲ ರಿವೆಟ್ಟಿನ ತೂತುಗಳಿಂದಲೂ ನೀರು ಇಳಿದಿತ್ತು.

ಆಮೇಲೆ ಡ್ರೈವರ್ ಹೇಳಿದ್ದಕ್ಕೆ ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಈ ಶೆಡ್ಡಿಗೆ ಹೋದೆ. ಹೊರಗೆ ಬೋರ್ಡಿಲ್ಲ, ಎಲ್ಲರೂ ಮಾಸ್ತರ ಶೆಡ್ಡು ಎನ್ನುತ್ತಾರೆ. ಮಾಸ್ತರು ಮೊದಲು ಅಂಟಿನ ಡಬ್ಬಿ ಮುಟ್ಟಲೇ ಇಲ್ಲ. ಕಿಸೆಯಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಇಡೀ ಗೋಡೆಯನ್ನು ಗೇಣು ಗೇಣಿಗೂ ಬಡಿಯುತ್ತ ಹೋದರು. ಗಟ್ಟಿ ಇದ್ದಲ್ಲಿ 'ಟಕ್', ಶೀಟು ಪಫ್‌ನಿಂದ ಬಿಟ್ಟಲ್ಲಿ 'ಡಬ್'. ಸೀಮೆಸುಣ್ಣದಿಂದ ಗೆರೆ ಎಳೆದು ಮುಗಿಸಿದಾಗ, ಅಂಗೈಯಷ್ಟು ಎಂದು ನಾನು ತಿಳಿದಿದ್ದ ಗಾಯ ಮೊಳದುದ್ದ ಆಗಿತ್ತು.

ಹಳೆಯ ಅಲ್ಯೂಮಿನಿಯಂ ಆ್ಯಂಗಲ್ ಕಿತ್ತ ಮೇಲೆ ಅದರ ಒಳಮುಖ ನನಗೆ ತೋರಿಸಿದರು. "ನೋಡ್ರಿ ಅಕ್ಕಾರ, ಅಂಟೆಲ್ಲಾ ಆ್ಯಂಗಲ್‌ಗೇ ಐತಿ. ಶೀಟು ಕನ್ನಡಿ ಹಂಗ ಹೊಳೀತೈತಿ. ಅಂಟಿನ ತಪ್ಪಲ್ಲಿದು, ಮೈ ಉಜ್ಜಿಲ್ಲ." ಅಂಟು ಎರಡೂ ಕಡೆ ಹರಿದು ಉಳಿದಿದ್ದರೆ ಅಂಟೇ ಸೋತಿದೆ ಎಂದರ್ಥ. ಪಫ್ ಕಿತ್ತುಕೊಂಡು ಬಂದಿದ್ದರೆ ಅಂಟು ಗೆದ್ದಿದೆ, ಪಫ್ ಸೋತಿದೆ. ಪಫ್ ಸೋಲುವುದೇ ಒಳ್ಳೆಯ ಕೆಲಸದ ಗುರುತಂತೆ, ಏಕೆಂದರೆ ಅದರ ತಾಕತ್ತು ಎಷ್ಟೆಂದು ಅಳೆಯಬಹುದು. ನುಣುಪಾದ ಶೀಟು ಯಾವತ್ತು ಬಿಡುತ್ತದೆ ಎಂದು ಯಾರೂ ಲೆಕ್ಕ ಹಾಕಲಾರರು.

ಅಳೆದೂ ತೋರಿಸಿದರು. ಐದು ಸೆಂಟಿಮೀಟರ್ ಚೌಕದ ಕಟ್ಟಿಗೆಯ ತುಂಡುಗಳನ್ನು ಡಬ್ಬಿಯ ಒಳ್ಳೆಯ ಭಾಗಕ್ಕೊಂದು, ನೀರು ಕುಡಿದ ಭಾಗಕ್ಕೊಂದು ಅಂಟಿಸಿ, ಸುತ್ತಲೂ ಶೀಟು ಕೊರೆದು, ಎರಡು ದಿನ ಬಿಟ್ಟು ತೂಕದ ಕಾಂಟಾ ಹಾಕಿ ನೇರ ಎಳೆದರು. ಒಳ್ಳೆಯದು 60 ಕೆಜಿ ದಾಟಿದ ಮೇಲೆ ಪಫ್ ಸಮೇತ ಬಂತು. ಇನ್ನೊಂದು 20 ಮುಟ್ಟುವುದರೊಳಗೆ ಬಂತು. ನೀರು ಹೊಕ್ಕು ಹೆಪ್ಪುಗಟ್ಟಿ ಕರಗಿ ಪಫ್ ಒಳಗೇ ಸತ್ತಿತ್ತು. ಅಷ್ಟೂ ಕತ್ತರಿಸಿ ತೆಗೆದು ಹೊಸದು ಕೂರಿಸಿದರು.

ಮೂಲೆಯಿಂದಲೇ ಯಾಕೆ ಬಿಡುತ್ತದೆ ಎಂದು ಕೇಳಿದೆ. "ಗ್ವಾಡಿಗೆ ಹಚ್ಚಿದ ಪೋಸ್ಟರ್ ಕೆಳಗ ಜಗ್ಗಿದ್ರ ಬರೂದಿಲ್ರಿ. ಮೂಲಿ ಹಿಡದು ಸುಲೀರಿ, ಸರ್ರಂತ ಬರ್ತೈತಿ." ನನ್ನ ತಮ್ಮನ ಮಗಳು ಇಲ್ಲೇ ಮೆಕ್ಯಾನಿಕಲ್ ಓದುತ್ತಾಳೆ. ಅವಳಿಗೆ ಹೇಳಿದಾಗ ಹಾಳೆ ತೆಗೆದು ಗೆರೆ ಬರೆದಳು. ಒಂದರ ಮೇಲೊಂದು ಅಂಟಿಸಿದ ಪಟ್ಟಿಗಳಲ್ಲಿ ಭಾರವೆಲ್ಲ ಎರಡು ತುದಿಗಳಲ್ಲಿ ಕೂಡುತ್ತದೆ, ನಡುವಿನ ಅಂಟು ಹೆಚ್ಚುಕಡಿಮೆ ಸುಮ್ಮನಿರುತ್ತದೆ ಎಂದು ವೋಲ್ಕರ್ಸನ್ ಎಂಬ ಎಂಜಿನಿಯರ್ 1938ರಲ್ಲೇ ಲೆಕ್ಕ ಕಟ್ಟಿದರಂತೆ. 1944ರಲ್ಲಿ ಗೋಲಾಂಡ್ ಮತ್ತು ರೈಸ್ನರ್ ಎಂಬ ಸಂಶೋಧಕರು ಅದಕ್ಕೆ ಬಾಗುವಿಕೆಯನ್ನೂ, ಸುಲಿಯುವ ಬಲವನ್ನೂ ಸೇರಿಸಿದರು. ಹಾಗಾಗಿ ಪಟ್ಟಿಗಳು ಒಂದರ ಮೇಲೊಂದು ಕೂರುವ ಉದ್ದ ಇಮ್ಮಡಿ ಮಾಡಿದರೆ ಬಲ ಇಮ್ಮಡಿ ಆಗುವುದಿಲ್ಲ. ಮಾಸ್ತರು ಆ್ಯಂಗಲ್‌ನ ಅಂಚನ್ನು ತೆಳ್ಳಗೆ ಇಳಿಜಾರು ಮಾಡಿ, ಹೊರಬಂದ ಅಂಟನ್ನು ಒರೆಸದೆ ಬೆರಳಿಂದ ಓರೆಯಾಗಿ ತೀಡಿ ಬಿಟ್ಟಿದ್ದು ಇದಕ್ಕೇ. ಗಡಸು ಎಪಾಕ್ಸಿ ಬಿಟ್ಟು ಎರಡು ಭಾಗ ಕಲಸುವ ಮೆತ್ತನೆಯ ಪಾಲಿಯುರೆಥೇನ್ ಅಂಟನ್ನು ಎರಡು ಮಿಲಿಮೀಟರ್ ದಪ್ಪ ಇಟ್ಟಿದ್ದಕ್ಕೂ ಕಾರಣ ಇದೆ. ಏಪ್ರಿಲ್ ಬಿಸಿಲಿಗೆ ಹೊರಶೀಟು 60 ಡಿಗ್ರಿ ಮುಟ್ಟುತ್ತದೆ, ಒಳಶೀಟು ಮೈನಸ್ 18ರಲ್ಲಿರುತ್ತದೆ. ಹದಿನಾಲ್ಕು ಅಡಿಗೆ ಎರಡೂ ಶೀಟುಗಳ ನಡುವೆ ಸುಮಾರು 8 ಮಿಲಿಮೀಟರ್ ಎಳೆದಾಟ ಆಗುತ್ತದೆ. ಗಡಸು ಅಂಟು ಅದನ್ನೆಲ್ಲ ತುದಿಯಲ್ಲೇ ಹೊರುತ್ತದೆ, ಮೆತ್ತನೆಯದು ಉದ್ದಕ್ಕೂ ಹಂಚುತ್ತದೆ.

ಈಗ ಮುಖ್ಯ ಮಾತು. ಗಾಡಿ ಕೊಡುವಾಗ ಮಾಸ್ತರು ಹಿಂಬಾಗಿಲ ಚೌಕಟ್ಟಿನ ಬಲಗಡೆ ಮೇಲ್ಮೂಲೆಗೆ ಸೀಮೆಸುಣ್ಣದಿಂದ ದುಂಡಗೆ ಗೆರೆ ಎಳೆದರು. ನಾಣ್ಯ ಅಲ್ಲಿ 'ಟಕ್' ಎಂದೇ ಅಂದಿತ್ತು. "ಸಪ್ಪಳ ಛಲೋ ಐತ್ರಿ. ಖರೆ, ಅದೂ ಅದೇ ಕೈಯಿನ ಕೆಲಸ, ಅದೇ ಉಜ್ಜದ ಶೀಟು, ಮ್ಯಾಲ ಬಾಗ್ಲದ ವಜ್ಜಿ ಬ್ಯಾರೆ. ಬ್ಯಾಸಗಿ ದಾಟೂದು ಕಷ್ಟ." ನಾಣ್ಯ ಹೇಳುವುದು ಈಗಾಗಲೇ ಬಿಟ್ಟಿದ್ದನ್ನು ಮಾತ್ರ. ತಾಗಿಕೊಂಡಿದ್ದೂ ಹಿಡಿದುಕೊಂಡಿರದ ಅಂಟು ಅದಕ್ಕೆ ಸಿಗುವುದಿಲ್ಲ. ದುಡ್ಡು ಮುಗಿದಿತ್ತು, ಮುಂದೆ ನೋಡೋಣ ಎಂದೆ. ಏಪ್ರಿಲ್ ಮೂರನೆಯ ವಾರ ರಾಣೆಬೆನ್ನೂರಿನಲ್ಲಿ ಮಾಲು ಇಳಿಸುವಾಗ ಅದೇ ದುಂಡು ಗೆರೆಯೊಳಗೆ ಬಿರುಕು ಕಂಡಿತು. ನಲವತ್ತು ಬಾಕ್ಸ್ ಕರಗಿದವು.

ತಮ್ಮನ ಮಗಳು ಹೇಳಿದ ಇನ್ನೊಂದು ಸಂಗತಿ ಆಗ ನೆನಪಾಯಿತು. 2005ರ ಮಾರ್ಚ್ 6ರಂದು ಕ್ಯೂಬಾದಿಂದ ಕೆನಡಾಕ್ಕೆ ಹೊರಟ ಏರ್‌ಬಸ್ ಎ310 ವಿಮಾನದ ಬಾಲದ ಚುಕ್ಕಾಣಿಯ (ರಡ್ಡರ್) ಬಹುಭಾಗ ಗಾಳಿಯಲ್ಲೇ ಕಳಚಿತು. ಅದೂ ನನ್ನ ಡಬ್ಬಿಯಂತೆ ಸ್ಯಾಂಡ್‌ವಿಚ್ ಹಲಗೆಯೇ, ಒಳಗೆ ಏನಾಗಿದೆ ಎಂದು ಹೊರಗಿನಿಂದ ಕಾಣುವಂಥದ್ದಲ್ಲ. ವಿಮಾನ ಕ್ಯೂಬಾಕ್ಕೆ ಮರಳಿ ಸುರಕ್ಷಿತವಾಗಿ ಇಳಿಯಿತು.

ಕೊರತೆಗಳೂ ಇವೆ. ಮೂರು ದಿನ ಎಂದವರು ಮೊದಲ ಸಲ ಎಂಟು ದಿನ ತೆಗೆದುಕೊಂಡರು. ಎರಡನೇ ಸಲ, ಬಾಗಿಲ ಚೌಕಟ್ಟಿಗೆಂದು ಒಯ್ದಾಗ, ಸಂಜೆ ಅಡ್ಡಮಳೆ ಬಂತೆಂದು, ಶೀಟಿನ ಮೇಲೆ ಪಸೆ ಇದೆ ಎಂದು ಎರಡು ದಿನ ಅಂಟು ಕಲಸಲೇ ಇಲ್ಲ. ಕಾಯುವುದು ನನಗೆ ದಿನಕ್ಕೆ ಬಾಡಿಗೆ ಗಾಡಿಯ ಖರ್ಚು. ಫೋನ್ ಎತ್ತುವುದಿಲ್ಲ. ಎಳೆದು ನೋಡಿದ ಅಂಕಿಗಳನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದರೆ ನಗುತ್ತಾರೆ. ಅದು ಸರಿಯಲ್ಲ, ಇಷ್ಟು ತಿಳಿದವರು ಬರೆದುಕೊಡಲೇಬೇಕು. ಮೊದಲ ಕೆಲಸಕ್ಕೆ 38,000 ರೂಪಾಯಿ, ಬಾಗಿಲ ಚೌಕಟ್ಟಿಗೆ 11,000. ಸಿಲಿಕಾನ್ ತುಂಬಿದವರು ಏಳು ಸಾವಿರಕ್ಕೆ ಮುಗಿಸಿದ್ದರು.

ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಡಬ್ಬಿ ಖಾಲಿ ಮಾಡಿ, ಒಣಗಿಸಿ ಒಯ್ಯಿರಿ. ಎಳೆದ ತುಂಡುಗಳನ್ನು ಕೇಳಿ ಇಸಿದುಕೊಳ್ಳಿ, ನನ್ನವು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿವೆ. ಎರಡನೇ ಗಾಡಿ ಬರುವ ಸೋಮವಾರ ಅಲ್ಲಿಗೆ ಹೋಗುತ್ತದೆ. ಅದಿನ್ನೂ ಎಲ್ಲೂ ಸೋರಿಲ್ಲ.